ಸಿವಾದಲ್ಲಿ ನುಡಿ ಕೊಟ್ಟದ್ದು ಯಾರು?

ಮಂಜೇಶ್ವರದ ನಮ್ಮ ಮನೆಯಲ್ಲಿ ಈ ಮಳೆಗಾಲದ ರಾತ್ರಿಗಳನ್ನು ನಾನೂ ನನ್ನ ಸೋದರಳಿಯನೂ ಈಜಿಪ್ಟಿನಲ್ಲಿ ಕಳೆದೆವು. 2017ರಲ್ಲಿ ಬಂದ ‘ಅಸಾಸಿನ್ಸ್ ಕ್ರೀಡ್ ಒರಿಜಿನ್ಸ್’ ಎಂಬ ವಿಡಿಯೊ ಆಟದ ನಾಯಕ ಬಾಯೆಕ್ ಪಶ್ಚಿಮ ಮರುಭೂಮಿಯ ಸಿವಾ ಓಯಸಿಸ್‌ನವನು. ಅವನು ಅಲ್ಲಿಯ ಅಮುನ್ ದೇವರ ಗುಡಿಯೊಳಗೆ ಹೋಗಿ, ದೇವರ ಮಾತೆಂದು ಹೇಳಿಕೊಂಡು ಊರನ್ನು ಹಿಂಸಿಸುತ್ತಿದ್ದ ಮೆದುನಮುನ್ ಎಂಬವನನ್ನು ಕೊಲ್ಲುತ್ತಾನೆ. “ಮಾವ, ಇವನು ನಮ್ಮಲ್ಲಿಯ ದರ್ಶನ ಪಾತ್ರಿಯ ಹಾಗೆಯಾ?” ಎಂದು ಹುಡುಗ ಕೇಳಿದ. ದರ್ಶನ ಪಾತ್ರಿಯೆಂದರೆ ಮೈಮೇಲೆ ದೇವರು ಬಂದು ನುಡಿ ಕೊಡುವವನು.

ಅಲ್ಲ ಎಂದೆ. ಆಟವು ದೇವರ ನುಡಿಯನ್ನು ಒಬ್ಬ ಮನುಷ್ಯನ ಬಾಯಿಗೆ ಕಟ್ಟಿದೆ. ನಿಜವಾದ ಸಿವಾದಲ್ಲಿ ನುಡಿ ಇದ್ದದ್ದು ಹೆಗಲುಗಳ ಮೇಲೆ. ಕ್ರಿ.ಪೂ. 6ನೇ ಶತಮಾನದಲ್ಲಿ ಅಮಾಸಿಸ್ ಅರಸನ ಕಾಲದಲ್ಲಿ ಕಟ್ಟಿದ ಆ ಗುಡಿಯ ಗೋಡೆಗಳು ಅಘೂರ್ಮಿಯ ಬಂಡೆಯ ಮೇಲೆ ಇಂದಿಗೂ ನಿಂತಿವೆ. ಅಲ್ಲಿ ದೇವರ ಮೂರ್ತಿಯನ್ನು ಬಂಗಾರದ ದೋಣಿಯಲ್ಲಿ ಕುಳ್ಳಿರಿಸಿ 80 ಮಂದಿ ಅರ್ಚಕರು ಹೊರುತ್ತಿದ್ದರೆಂದೂ, ತಮ್ಮ ಇಚ್ಛೆಯಂತಲ್ಲದೆ ದೇವರು ಸೂಚಿಸಿದ ಕಡೆಗೆ ನಡೆಯುತ್ತಿದ್ದರೆಂದೂ ಗ್ರೀಕ್ ಇತಿಹಾಸಕಾರ ಡಿಯೊಡೊರಸ್ ಬರೆದಿದ್ದಾನೆ. ಈಜಿಪ್ಟಿನ ಇತರ ಗುಡಿಗಳಲ್ಲೂ ಹೊತ್ತ ದೋಣಿ ಮುಂದಕ್ಕೆ ಸರಿದರೆ ಒಪ್ಪಿಗೆ, ಹಿಂದಕ್ಕೆ ಸರಿದರೆ ನಿರಾಕರಣೆ. ಕ್ರಿ.ಪೂ. 331ರಲ್ಲಿ ಅಲೆಕ್ಸಾಂಡರ್ ಪ್ರಶ್ನೆ ಕೇಳಲು ಮರುಭೂಮಿ ದಾಟಿ ಬಂದದ್ದು ಇಲ್ಲಿಗೇ.

ಇದನ್ನು ನಂಬಲು ನನಗೆ ಕಷ್ಟವಾಗುವುದಿಲ್ಲ. ಹತ್ತೊಂಬತ್ತರ ವಯಸ್ಸಿನಲ್ಲಿ ಮೊದಲ ಬಾರಿ ನಮ್ಮೂರ ದೇವರ ಪಲ್ಲಕ್ಕಿಗೆ ಹೆಗಲು ಕೊಟ್ಟಾಗ, ದಂಡಿಗೆಯ ಕೆಳಗಿಟ್ಟ ಮಡಿಸಿದ ಬೈರಾಸು ಬೆವರಿನಿಂದ ತೊಯ್ದು ಜಾರುತ್ತಿತ್ತು. ಕೆರೆಯ ಬದಿಯಲ್ಲಿ ದಂಡಿಗೆ ಒಮ್ಮೆಲೇ ಎಡಕ್ಕೆ ವಾಲಿತು, ನನ್ನ ಕಾಲುಗಳು ಅದರ ಹಿಂದೆ ಹೋದವು. ನಾನು ತಳ್ಳಿರಲಿಲ್ಲ, ನನ್ನ ಮುಂದಿನವರೂ ತಳ್ಳಿರಲಿಲ್ಲವೆಂದು ಆಮೇಲೆ ಹೇಳಿದರು. ಹೊತ್ತವರಲ್ಲಿ ಯಾರೂ ಸುಳ್ಳಾಡುತ್ತಿರಲಿಲ್ಲ. ಸಿವಾದ ಅರ್ಚಕರನ್ನು ಕುರಿತು ಆಟದ ಕಥೆ ಮಾಡಿರುವ ಅನ್ಯಾಯ ಇದೇ ಎಂದು ನನಗೆ ಅನಿಸುತ್ತದೆ: ವಂಚಕನೊಬ್ಬನನ್ನು ಕೊಂದರೆ ಮುಗಿಯುವಷ್ಟು ಸರಳವಾದ ವ್ಯವಸ್ಥೆ ಅದಾಗಿರಲಿಲ್ಲ.

ಆದರೂ ಆಟದೊಳಗೆ ಆ ಗುಡಿಯನ್ನು ಕಟ್ಟಿಕೊಟ್ಟವರಿಗೆ ನಾನು ಕೃತಜ್ಞ. 2018ರಲ್ಲಿ ಸೇರಿಸಿದ ‘ಡಿಸ್ಕವರಿ ಟೂರ್’ನಲ್ಲಿ ಕಾದಾಟವಿಲ್ಲ, ಸುಮ್ಮನೆ ನಡೆಯಬಹುದು. ನಿನ್ನೆ ರಾತ್ರಿ ಆ ಗುಡಿಯ ಅಂಗಳದ ಬಾಗಿಲಲ್ಲಿ ಬಹಳ ಹೊತ್ತು ನಿಂತು, ದೋಣಿ ಇಲ್ಲಿ ತಿರುಗಬೇಕಾದರೆ ಹೊರಸಾಲಿನವರು ಎಷ್ಟು ದೊಡ್ಡ ಹೆಜ್ಜೆ ಹಾಕಬೇಕಾಗುತ್ತಿತ್ತೆಂದು ಅಳಿಯನಿಗೆ ತೋರಿಸಿದೆ.