ಮಾದಾಪುರದ ಏರಿನಲ್ಲಿ ಟರ್ಬೊ ಜಿಪ್ಸಿ

ಮೈಸೂರಿನ ಆಸುಪಾಸಿನಲ್ಲಿ ಉದ್ದನೆಯ ಏರು ಬೇಕು ಅಂದರೆ ಇರುವುದು ಚಾಮುಂಡಿ ಬೆಟ್ಟ. ಅಲ್ಲಿ ಯಾವಾಗಲೂ ಜನ, ಬಸ್ಸು, ಬೈಕು. ಎಂಜಿನ್ನನ್ನು ಪೂರ್ತಿ ಲೋಡಿನಲ್ಲಿ ಪರೀಕ್ಷೆ ಮಾಡುವ ಜಾಗ ಅದಲ್ಲ. ಮೇಲಾಗಿ, ಕಂಪನಿ ಕೊಟ್ಟ ಎಂಜಿನ್ನಿಗೆ ಮನೆಯಲ್ಲೇ ಟರ್ಬೊ (ಹೊರಹೋಗುವ ಹೊಗೆಯ ರಭಸಕ್ಕೆ ತಿರುಗಿ ಎಂಜಿನ್ನಿಗೆ ಹೆಚ್ಚು ಗಾಳಿ ಒತ್ತುವ ಪಂಪು) ಕೂರಿಸಿದ ಮಾರುತಿ ಜಿಪ್ಸಿ ಇದು. ಹೀಗೆ ಬದಲಾಯಿಸಿದ ಗಾಡಿಯನ್ನು ಊರ ರಸ್ತೆಗೆ ಇಳಿಸಲು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತದೆ. ಅದಕ್ಕೇ ಡಿಸೆಂಬರ್‌ನ ಒಂದು ಬೆಳಗಿನ ಜಾವ ಜಿಪ್ಸಿಯನ್ನು ಲಾರಿಗೆ ಹತ್ತಿಸಿ, ಬೆಲ್ಟ್ ಬಿಗಿದು, ಕೊಡಗಿಗೆ ಹೊರಟೆವು. ಮಾದಾಪುರದ ಹತ್ತಿರ ಗೆಳೆಯನ ಮನೆಯವರ ಕಾಫಿ ತೋಟ ಇದೆ. ಗೇಟಿನಿಂದ ಮನೆಗೆ, ಮನೆಯಿಂದ ಮೇಲಿನ ಬ್ಲಾಕಿಗೆ ಅವರದೇ ರಸ್ತೆ, ಬಹುಪಾಲು ಏರು.

ಹುಣಸೂರು, ಪಿರಿಯಾಪಟ್ಟಣ, ಬೈಲುಕುಪ್ಪೆ ಬೇಗ ಬೇಗ ಕಳೆದವು. ಕುಶಾಲನಗರದಲ್ಲಿ ಕಾವೇರಿ ಸೇತುವೆ ದಾಟಿ, ಆನೆಕಾಡು ಹಾದು, ಸುಂಟಿಕೊಪ್ಪದಲ್ಲಿ ಬಲಕ್ಕೆ ತಿರುಗಿದೆವು. ಅಲ್ಲಿಂದ ಎರಡೂ ಕಡೆ ತೋಟ. ಮಾದಾಪುರದಿಂದ ಮುಂದೆ ಹಟ್ಟಿಹೊಳೆ, ಮಕ್ಕಂದೂರು ಕಡೆಯ ಗುಡ್ಡಗಳು 2018ರ ಆಗಸ್ಟ್ ಮಳೆಯಲ್ಲಿ ಕುಸಿದಿದ್ದವು. ಆ ಮಳೆಗಾಲದ ಮಾತು ಈಗಲೂ ತೋಟದ ಮನೆಯಲ್ಲಿ ಊಟದ ಹೊತ್ತಿಗೆ ಬಂದೇ ಬರುತ್ತದೆ.

ಗಾಡಿಯ ಬಗ್ಗೆ ಸ್ವಲ್ಪ ಹೇಳಬೇಕು. 1298 ಸಿಸಿಯ, 16 ವಾಲ್ವಿನ ಜಿಪ್ಸಿ ಎಂಜಿನ್. ಕಂಪನಿಯಿಂದ ಬಂದಾಗ ಸುಮಾರು 80 ಅಶ್ವಶಕ್ತಿ. ಅದಕ್ಕೆ ಸಣ್ಣದೊಂದು ಟರ್ಬೊ, ಮುಂದೆ ಅದರ ಬಿಸಿ ಗಾಳಿ ತಣಿಸುವ ಇಂಟರ್‌ಕೂಲರ್, ಲ್ಯಾಪ್‌ಟಾಪ್‌ನಲ್ಲಿ ತಿದ್ದಬಹುದಾದ ಇಸಿಯು, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್. ಬೂಸ್ಟ್ (ಹೊರಗಿನ ಗಾಳಿಗಿಂತ ಟರ್ಬೊ ಹೆಚ್ಚಿಗೆ ಕೊಡುವ ಒತ್ತಡ) ಅರ್ಧ ಬಾರ್, ಅಷ್ಟೇ. ಗೆಳೆಯನಿಗೆ ಬೇಕಿರುವುದು ಭತ್ತದ ಕೊಯ್ಲು ಮುಗಿದ ಗದ್ದೆಗಳಲ್ಲಿ ನಡೆಯುವ ಆಟೊಕ್ರಾಸ್ ರೇಸಿಗೆ ಒಂದು ಗಟ್ಟಿ ಗಾಡಿ. ಅದಕ್ಕೆ ಅರ್ಧ ಬಾರ್ ಧಾರಾಳವಾಗಿ ಸಾಕು.

ತೊಂದರೆ ಇದ್ದದ್ದು ಮೇಲಿನ ಆರ್‌ಪಿಎಂನಲ್ಲಿ. 4,500 ದಾಟಿ ಬೂಸ್ಟ್ ಪೂರ್ತಿ ಬಂದ ಕೂಡಲೇ ಗಾಡಿ ಜರ್ಕ್ ಹೊಡೆಯುತ್ತಿತ್ತು. ಅದೇ ಕ್ಷಣಕ್ಕೆ, ಸುಟ್ಟ ಹೊಗೆಯನ್ನು ಅಳೆಯುವ ವೈಡ್‌ಬ್ಯಾಂಡ್ ಸೆನ್ಸರ್ ಲೀನ್, ಅಂದರೆ ಗಾಳಿ ಹೆಚ್ಚು ಪೆಟ್ರೋಲ್ ಕಡಿಮೆ, ಎಂದು ತೋರಿಸುತ್ತಿತ್ತು. ಮೈಸೂರಿನ ಸಪಾಟು ಅಂಗಳದಲ್ಲಿ ಇದನ್ನು ಹಿಡಿಯಲು ಆಗಿರಲಿಲ್ಲ, ಲೋಡೇ ಸಿಗದಲ್ವಾ.

ತೋಟ ತಲುಪಿದಾಗ ಅರೇಬಿಕಾ ಕೊಯ್ಲು ನಡೆದಿತ್ತು. ಕಣದ ತುಂಬ ಕಾಫಿ ಹರವಿದ್ದರು. ಗೆಳೆಯನ ತಂದೆ ಮೊದಲೇ ವ್ಯವಸ್ಥೆ ಮಾಡಿದ್ದರು. ಕೆಲಸದವರೆಲ್ಲ ಕೆಳಗಿನ ಬ್ಲಾಕಿನಲ್ಲಿ, ಮೇಲಿನ ತಿರುವಿನಲ್ಲಿ ತೋಟದ ಕೆಲಸ, ಲೆಕ್ಕ ನೋಡಿಕೊಳ್ಳುವ ರೈಟರ್ ಫೋನ್ ಹಿಡಿದು ಕಾವಲು. "ರೈಟರ್ ಹೂಂ ಅನ್ನದೆ ಗಾಡಿ ಬಿಡಬೇಡಿ ಮಕ್ಕಳೇ," ಅಂದರು. ಹಾಗೆಯೇ ಮಾಡಿದೆವು.

ಸ್ಟಾರ್ಟ್ ಮಾಡುವ ಮೊದಲು ಕೀ ಮಾತ್ರ ಆನ್ ಮಾಡಿ ಮ್ಯಾಪ್ ಸೆನ್ಸರ್ (ಎಂಜಿನ್ನಿಗೆ ಹೋಗುವ ಗಾಳಿಯ ಒತ್ತಡ ಅಳೆಯುವುದು) ನೋಡಿದೆ. ಅದು ಹೊರಗಿನ ಗಾಳಿಯ ಒತ್ತಡ ತೋರಿಸಿತು: 90 ಕಿಲೊಪಾಸ್ಕಲ್. ಮಂಗಳೂರಿನ ಕಡಲ ತೀರದಲ್ಲಿ ಇದು 101ರ ಹತ್ತಿರ ಇರುತ್ತದೆ. ಸುಮಾರು ಸಾವಿರ ಮೀಟರ್ ಎತ್ತರಕ್ಕೆ ಅಷ್ಟು ಗಾಳಿ ಕಡಿಮೆ. ಟರ್ಬೊಗೂ ಬೆಟ್ಟಕ್ಕೂ ನಂಟು ಹಳೆಯದು. ಸ್ವಿಟ್ಜರ್‌ಲೆಂಡಿನ ಆಲ್ಫ್ರೆಡ್ ಬ್ಯೂಕಿ 1905ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದ. 1918ರಲ್ಲಿ ಅಮೆರಿಕದ ಸ್ಯಾನ್‌ಫರ್ಡ್ ಮಾಸ್ ವಿಮಾನದ ಲಿಬರ್ಟಿ ಎಂಜಿನ್ನಿಗೆ ಟರ್ಬೊ ಜೋಡಿಸಿ, ಅದನ್ನು ಲಾರಿಯ ಮೇಲೆ ಹೊತ್ತು 4,300 ಮೀಟರ್ ಎತ್ತರದ ಪೈಕ್ಸ್ ಪೀಕ್ ಹತ್ತಿದ. ತೆಳು ಗಾಳಿಯಲ್ಲಿ ಕಳೆದುಹೋಗುವ ಶಕ್ತಿ ಮರಳಿ ಸಿಗುತ್ತದೆ ಎಂದು ಅಲ್ಲಿ ತೋರಿಸಿದ. ಅವನ ಕೆಲಸದ ಬಗ್ಗೆ ನನಗೆ ತುಂಬ ಗೌರವ. ಕಾಗದದ ಲೆಕ್ಕ ನಂಬಿ ಕೂರದೆ ಎಂಜಿನ್ನನ್ನೇ ಬೆಟ್ಟಕ್ಕೆ ಒಯ್ದ.

ಲೀನ್ ಅಂದ ಕೂಡಲೇ ಬಹಳ ಜನ ಲ್ಯಾಪ್‌ಟಾಪ್ ತೆಗೆದು ಪೆಟ್ರೋಲ್ ಜಾಸ್ತಿ ಮಾಡುತ್ತಾರೆ. ನನ್ನ ಪ್ರಕಾರ ಆ ಕೈ ಅಲ್ಲೇ ನಿಲ್ಲಬೇಕು. ಪೆಟ್ರೋಲ್ ನಿಜವಾಗಿಯೂ ಕಡಿಮೆ ಬೀಳುತ್ತಿದೆಯೇ ಎಂದು ಮೊದಲು ಅಳೆಯಬೇಕು. ನಾವು ಫ್ಯುಯೆಲ್ ಪ್ರೆಶರ್ ಗೇಜಿಗೆ ಉದ್ದನೆಯ ಹೋಸ್ ಹಾಕಿ, ಬಾನೆಟ್ ಸಂದಿನಿಂದ ಹೊರಗೆ ತಂದು, ಗಾಜಿನ ಮೇಲೆ ವೈಪರಿನ ಅಡಿಗೆ ಟೇಪ್ ಸುತ್ತಿ ಕಟ್ಟಿದೆವು. ಪೆಟ್ರೋಲ್ ಪೈಪ್ ಗಾಡಿಯೊಳಗೆ ಯಾವತ್ತೂ ಬರಬಾರದು. ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರಿನ ತುದಿಯಲ್ಲಿ ಬೂಸ್ಟ್ ಎಷ್ಟು ಏರುತ್ತದೋ, ಅದಕ್ಕೆ ಪೆಟ್ರೋಲ್ ಕೊಡುವ ಪೈಪಿನ (ಫ್ಯುಯೆಲ್ ರೈಲ್) ಒತ್ತಡವೂ ಅಷ್ಟೇ ಏರಬೇಕು. ನಮ್ಮ ಮೂಲ ಒತ್ತಡ 3 ಬಾರ್. ಅರ್ಧ ಬಾರ್ ಬೂಸ್ಟಿನಲ್ಲಿ 3.5 ಇರಬೇಕು.

ರೈಟರ್ ಹೂಂ ಅಂದರು. ಎರಡನೇ ಗೇರಿನಲ್ಲಿ ಏರಿಗೆ ಬಿಟ್ಟೆವು. ಗೆಳೆಯ ಓಡಿಸಿದ, ನಾನು ಮುಳ್ಳು ನೋಡಿದೆ. ಜರ್ಕ್ ಬಂತು, ಲೀನ್ ಬಂತು, ಮುಳ್ಳು ಮಾತ್ರ 3.5ರಿಂದ ಅಲುಗಲಿಲ್ಲ. ಅಂದರೆ ಪೆಟ್ರೋಲ್ ಪಂಪೂ ಸರಿ, ಅದರ ಒತ್ತಡ ಹಿಡಿಯುವ ರೆಗ್ಯುಲೇಟರೂ ಸರಿ.

ಮನೆಯ ಜಗಲಿಯಲ್ಲಿ ಕೂತು ಲಾಗ್, ಅಂದರೆ ಓಟದ ಅಳತೆಗಳ ದಾಖಲೆ, ತೆರೆದೆವು. ಇಲ್ಲಿ ಸ್ವಲ್ಪ ನಿಧಾನಿಸಬೇಕು. ನಾವು ಲ್ಯಾಂಬ್ಡಾ ಅಳತೆಯಲ್ಲೇ ನೋಡುತ್ತೇವೆ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಬೆರೆತಿರುವುದರಿಂದ ಒಂದು ತೂಕ ಪೆಟ್ರೋಲಿಗೆ 14.7 ತೂಕ ಗಾಳಿ ಎಂಬ ಹಳೆಯ ಲೆಕ್ಕ ಕೈಕೊಡುತ್ತದೆ. ಲ್ಯಾಂಬ್ಡಾ 1 ಅಂದರೆ ಯಾವ ಪೆಟ್ರೋಲಿಗಾದರೂ ಸರಿಸಮ ಮಿಶ್ರಣ, ಅದಕ್ಕಿಂತ ಕೆಳಗೆ ಪೆಟ್ರೋಲ್ ಜಾಸ್ತಿ, ಮೇಲೆ ಲೀನ್. ಬೂಸ್ಟಿನಲ್ಲಿ ನಮಗೆ ಬೇಕಾದ್ದು 0.8ರ ಆಸುಪಾಸು. ನಿಜವಾಗಿ ಪೆಟ್ರೋಲ್ ಸಾಲದೇ ಹೋದರೆ ಗೆರೆ 0.8ರಿಂದ ನಿಧಾನವಾಗಿ ಮೇಲೇರುತ್ತದೆ. ನಮ್ಮ ಗೆರೆ ಹಾಗಿರಲಿಲ್ಲ. 0.8ರಲ್ಲಿ ನೆಟ್ಟಗೆ ಓಡಿ, ಥಟ್ಟನೆ ಮೇಲೆ ಚಿಮ್ಮಿ, ಮತ್ತೆ ಕೆಳಗೆ ಬಂದು, ಮತ್ತೆ ಚಿಮ್ಮಿತ್ತು. ಅದು ಮಿಸ್ಸಿಂಗ್. ಒಂದು ಸಿಲಿಂಡರಿನಲ್ಲಿ ಬೆಂಕಿ ಹೊತ್ತದಿದ್ದರೆ ಅಲ್ಲಿದ್ದ ಆಮ್ಲಜನಕ ಸುಡದೆ ಸೈಲೆನ್ಸರ್ ಕಡೆ ಹೋಗುತ್ತದೆ. ಸೆನ್ಸರ್ ಅಳೆಯುವುದು ಆಮ್ಲಜನಕವನ್ನೇ. ಸುಡದ ಪೆಟ್ರೋಲ್ ಪಕ್ಕದಲ್ಲೇ ಹೋಗುತ್ತಿದ್ದರೂ ಅದು ಲೀನ್ ಅನ್ನುತ್ತದೆ. ಇಂಥ ಹೊತ್ತಿನಲ್ಲಿ ಪೆಟ್ರೋಲ್ ಸುರಿದರೆ ಸ್ಪಾರ್ಕ್ ಪ್ಲಗ್ ಇನ್ನಷ್ಟು ತೊಯ್ದು ಮಿಸ್ಸಿಂಗ್ ಹೆಚ್ಚುತ್ತದೆ.

ಪ್ಲಗ್ ಬಿಚ್ಚಿದೆವು. ಪಿಂಗಾಣಿ ತಿಳಿ ಕಂದು ಬಣ್ಣ, ಅದರಲ್ಲಿ ಕೊರತೆ ಇಲ್ಲ. ಫೀಲರ್ ಗೇಜ್ ತೂರಿಸಿದರೆ ಕಿಡಿ ಹಾರುವ ಗ್ಯಾಪ್ 1.1 ಮಿಲಿಮೀಟರ್. ಟರ್ಬೊ ಇಲ್ಲದ ಎಂಜಿನ್ನಿಗೆ ಅದು ನಡೆಯುತ್ತದೆ. ಬೂಸ್ಟಿನಲ್ಲಿ ಸಿಲಿಂಡರಿನ ಗಾಳಿ ಒತ್ತಾಗಿರುತ್ತದೆ, ಅಷ್ಟು ಅಗಲದ ಸಂದನ್ನು ಕಿಡಿ ದಾಟಬೇಕಾದರೆ ಕಾಯಿಲ್ ಜಾಸ್ತಿ ವೋಲ್ಟೇಜ್ ಕೊಡಬೇಕು. ಕೊಡಲಾಗದಿದ್ದರೆ ಕಿಡಿ ಗಾಳಿಗಿಟ್ಟ ದೀಪದ ಹಾಗೆ ಆರುತ್ತದೆ. ಅಡ್ಡ ತುದಿಯನ್ನು ಮೆಲ್ಲಗೆ ತಟ್ಟಿ 0.7ಕ್ಕೆ ತಂದೆವು. ಬೇರೆ ಯಾವುದನ್ನೂ ಮುಟ್ಟಲಿಲ್ಲ. ಮುಂದಿನ ಓಟದಲ್ಲಿ ಗಾಡಿ 6,000ದವರೆಗೆ ಒಂದೇ ಉಸಿರಿಗೆ ಎಳೆಯಿತು. ಗೆಳೆಯ ಮೇಲಿನ ಬ್ಲಾಕಿನಲ್ಲಿ ಗಾಡಿ ನಿಲ್ಲಿಸಿ ಸ್ಟೀರಿಂಗಿಗೆ ಎರಡು ಬಾರಿ ತಟ್ಟಿದ. ಆ ಖುಷಿಯನ್ನು ಹೇಗೆ ಹೇಳಲಿ!

ಮಧ್ಯಾಹ್ನ ಕಡಂಬುಟ್ಟು, ಕಾಚಂಪುಳಿ ಹಾಕಿದ ಪಂದಿ ಕರಿ. ಊಟ ಮುಗಿದ ಮೇಲೆ ಟ್ರ್ಯಾಕ್ಟರ್ ಟೈರಿಗೆ ಗಾಳಿ ಹೊಡೆಯುವ ಕಂಪ್ರೆಸರ್ ತಂದು, ಟರ್ಬೊ ಬಾಯಿಯಿಂದ ಅರ್ಧ ಬಾರ್ ತುಂಬಿಸಿ, ಜಾಯಿಂಟುಗಳಿಗೆಲ್ಲ ಸೋಪು ನೀರು ಹಚ್ಚಿದೆವು. ಇಂಟರ್‌ಕೂಲರಿನಿಂದ ಹೊರಡುವ ಸಿಲಿಕಾನ್ ಹೋಸಿನ ಕ್ಲಾಂಪಿನಡಿ ಸಣ್ಣ ಸಣ್ಣ ಗುಳ್ಳೆ ಎದ್ದವು. ಮ್ಯಾಪ್ ಸೆನ್ಸರ್ ನೋಡಿ ಪೆಟ್ರೋಲ್ ಹಾಕುವ ಗಾಡಿಯಲ್ಲಿ ಇಂಥ ಸೋರಿಕೆ ಮಿಶ್ರಣವನ್ನು ಕೆಡಿಸುವುದಿಲ್ಲ, ಹಾಗಾಗಿ ಲಾಗಿನಲ್ಲಿ ಕಾಣುವುದೂ ಇಲ್ಲ. ಟರ್ಬೊ ಮಾತ್ರ ಸುಮ್ನೆ ಹೆಚ್ಚು ತಿರುಗಿ ಗಾಳಿಯನ್ನು ಬಿಸಿ ಮಾಡುತ್ತದೆ. ಕ್ಲಾಂಪ್ ಬದಲಾಯಿಸಿದೆವು.

ಬಿಸಿಲೇರಿದ ಮೇಲೆ ಇನ್ನೊಂದು ವಿಷಯ ಕಂಡಿತು. ಬೆಳಿಗ್ಗೆ ಒಳಗೆ ಹೋಗುವ ಗಾಳಿ 25 ಡಿಗ್ರಿ ಆಸುಪಾಸು. ಬಿಡುವಿಲ್ಲದೆ ಏರು ಹತ್ತಿಸಿದರೆ 50 ಮುಟ್ಟಿತು. ತೋಟದ ರಸ್ತೆಯ ನಿಧಾನ ವೇಗಕ್ಕೆ ಇಂಟರ್‌ಕೂಲರಿಗೆ ಗಾಳಿ ಸಾಲದು. ಬಿಸಿ ಗಾಳಿಯಲ್ಲಿ ಬೆಂಕಿ ತಲುಪುವ ಮೊದಲೇ ಮೂಲೆಯ ಮಿಶ್ರಣ ತಾನಾಗಿ ಸಿಡಿಯುತ್ತದೆ, ಅದೇ ನಾಕಿಂಗ್. ಪಿಸ್ಟನ್ನಿನ ರಿಂಗ್ ಕೂರುವ ಅಂಚು ಒಡೆಯುವುದೂ ಇದರಿಂದಲೇ. ತಾಮ್ರದ ಪೈಪಿನ ತುದಿ ಚಪ್ಪಟೆ ಮಾಡಿ ಎಂಜಿನ್ ಬ್ಲಾಕಿಗೆ ಬೋಲ್ಟ್ ಹಾಕಿ, ಇನ್ನೊಂದು ತುದಿಯಿಂದ ರಬ್ಬರ್ ಹೋಸ್ ಎಳೆದು ಕಿವಿಗೆ ಕಟ್ಟಿಕೊಂಡು ಕೇಳಿದೆ. ಎಂಜಿನ್ನಿನ ಗದ್ದಲದ ನಡುವೆ ಟಕ್ ಎಂಬ ಒಣ ಸದ್ದು ಬಂತು. ಕಾಲು ತೆಗೆಸಿದೆ. ಗಾಳಿ 45 ಡಿಗ್ರಿ ದಾಟಿದರೆ ಇಗ್ನಿಷನ್ ಟೈಮಿಂಗ್ ತಾನೇ ಕ್ರ್ಯಾಂಕಿನ ಮೂರು ಡಿಗ್ರಿ ಹಿಂದೆ ಸರಿಯುವಂತೆ, ಅಂದರೆ ಕಿಡಿ ಅಷ್ಟು ತಡವಾಗುವಂತೆ, ಇಸಿಯುನಲ್ಲಿ ಬರೆದೆವು. ಆ ಸದ್ದು ಮತ್ತೆ ಬರಲಿಲ್ಲ.

ಹೊರಡುವ ಮೊದಲು ಇಸಿಯು ಟೇಬಲ್ಲಿನ (ಯಾವ ಒತ್ತಡಕ್ಕೆ ಎಷ್ಟು ಪೆಟ್ರೋಲ್, ಯಾವ ಟೈಮಿಂಗ್ ಎಂಬ ಪಟ್ಟಿ) ಮೇಲಿನ ಸಾಲುಗಳಿಗೆ ಬಂದೆವು. ಟರ್ಬೊಗೆ ಕಡಿವಾಣ ಹಾಕುವ ವೇಸ್ಟ್‌ಗೇಟಿನ ಸ್ಪ್ರಿಂಗ್ ಹೊರಗಿನ ಗಾಳಿಗೆ ಹೋಲಿಸಿ ಬೂಸ್ಟ್ ಹಿಡಿಯುತ್ತದೆ. ಹಾಗಾಗಿ ಮಾದಾಪುರದ 90ಕ್ಕೆ ಅರ್ಧ ಬಾರ್, ಅಂದರೆ 50, ಸೇರಿ ಒಟ್ಟು 140 ಕಿಲೊಪಾಸ್ಕಲ್. ಇದೇ ಗಾಡಿ ಸಂಪಾಜೆ ಘಾಟಿ ಇಳಿದರೆ, ಅದೇ ಸ್ಪ್ರಿಂಗಿನಲ್ಲಿ 150 ತಲುಪುತ್ತದೆ, ಅದೂ ಕರಾವಳಿಯ ಬಿಸಿ ಗಾಳಿಯಲ್ಲಿ. ಆ ಸಾಲಿನಲ್ಲಿ ಎಂಜಿನ್ ಇನ್ನೂ ಓಡಿಯೇ ಇಲ್ಲ. ಅಲ್ಲಿ ಪೆಟ್ರೋಲ್ ಸ್ವಲ್ಪ ಹೆಚ್ಚು, ಟೈಮಿಂಗ್ ಸಾಕಷ್ಟು ಹಿಂದೆ ಇಟ್ಟು ಸೇವ್ ಮಾಡಿದೆವು. ಸುಳ್ಯದ ಹತ್ತಿರ ಗೆಳೆಯನ ಪರಿಚಯದವರ ಅಡಿಕೆ ತೋಟದಲ್ಲಿ ಹೀಗೆಯೇ ಒಂದು ಏರು ಇದೆಯಂತೆ. ಆ ಸಾಲುಗಳನ್ನು ಅಲ್ಲಿಗೆ ಲಾರಿಯಲ್ಲಿ ಗಾಡಿ ಒಯ್ದು, ಬೇಸಿಗೆಯ ಬಿಸಿಯಲ್ಲೇ ಅಳೆದು ತುಂಬುತ್ತೇವೆ.