ಮಾಡಿದ್ದು ಹೇಳೋ ಮಹಾರಾಯ

ಶಿರಸಿಯಲ್ಲಿ ನೌಕರಿಗೆ ಸೇರಿ ಎಂಟು ದಿನ ಆಗಿರಲಿಲ್ಲ. ಮಧ್ಯಾಹ್ನ ಎಲ್ಲರೂ ಡಬ್ಬಿ ಬಿಚ್ಚಿ ಕೂತಿದ್ದೆವು. ನನ್ನ ಕೊರಳಲ್ಲಿದ್ದ ಶಿಲುಬೆ ನೋಡಿ ಎದುರಿಗಿದ್ದ ಹಿರಿಯರು ಕೇಳಿದರು. "ಅಲ್ಲ ಮಾರಾಯಾ, ನಿಮ್ಮಲ್ಲಿ ಪಾದ್ರಿ ಹತ್ರ ಹೋಗಿ ಹೇಳಿಬಿಟ್ರೆ ಪಾಪ ಎಲ್ಲ ಹೋಗ್ತದಂತೆ, ಹೌದಾ? ನಮ್ಮಲ್ಲಿ ಮಾಡಿದ್ದುಣ್ಣೋ ಮಹಾರಾಯ. ನಿಮ್ಮಲ್ಲಿ ಮಾಡಿದ್ದು ಹೇಳೋ ಮಹಾರಾಯ! ಅಷ್ಟೇ ಅಲ್ವಾ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಮಾತು ಚೆನ್ನಾಗೇ ಇತ್ತು.

ಅವತ್ತಿನಿಂದ ಈ ಪ್ರಶ್ನೆ ನನ್ನ ಬೆನ್ನು ಬಿಟ್ಟಿಲ್ಲ. ದೇವಿಮನೆ ಘಟ್ಟ ಇಳಿಯುವಾಗ ಬಸ್ಸಿನಲ್ಲಿ ಪಕ್ಕದವರು ಕೇಳಿದ್ದಾರೆ. ಮದುವೆ ಊಟದ ಪಂಕ್ತಿಯಲ್ಲಿ ಕೇಳಿದ್ದಾರೆ. ಕ್ಷೌರದ ಅಂಗಡಿಯಲ್ಲಿ ಕತ್ತಿನ ಮೇಲೆ ಕತ್ತಿ ಇಟ್ಟುಕೊಂಡೇ ಕೇಳಿದ್ದಾರೆ. ಯಾರೂ ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ನಾನೇ ಪ್ರತಿಸಲ ಸುಮ್ನೆ ನಕ್ಕು ಜಾರಿಕೊಳ್ಳುತ್ತಿದ್ದೆ. ಈಗ ನೌಕರಿ ಮುಗಿದು ಕಾರವಾರಕ್ಕೆ ವಾಪಸ್ ಬಂದಿದ್ದೇನೆ, ಬಿಡುವಿದೆ. ಪೂರ್ತಿ ಉತ್ತರ ಬರೆದೇಬಿಡುತ್ತೇನೆ.

ನಾವು ಕೊಂಕಣಿ ಕ್ಯಾಥೋಲಿಕರು ಇದಕ್ಕೆ ಹೇಳುವುದು ಕುಮ್ಸಾರ್. ಕನ್ನಡ ಪೂಜೆ ನಡೆಯುವ ಕಡೆ ಪಾಪನಿವೇದನೆ ಅನ್ನುತ್ತಾರೆ. ಒಂದು ಮರದ ಗೂಡು, ನಡುವೆ ತೂತು ತೂತಿನ ಹಲಗೆ. ಆ ಕಡೆ ಫಾದರ್ ಕಿವಿ, ಈ ಕಡೆ ನಮ್ಮ ಬಾಯಿ. ತಪಸ್ಸುಕಾಲದಲ್ಲಿ, ಶುಭ ಶುಕ್ರವಾರ ಹತ್ತಿರ ಬಂದಾಗ, ಉದ್ದ ಸಾಲು ನಿಲ್ಲುತ್ತದೆ. ಒಬ್ಬರು ಜಾಸ್ತಿ ಹೊತ್ತು ಒಳಗಿದ್ದರೆ ಹಿಂದಿನವರು ಮುಖ ಮುಖ ನೋಡಿಕೊಳ್ಳುತ್ತಾರೆ. ನಮ್ಮ ಫಾದರ್‌ಗೆ ನಮ್ಮ ದನಿ ಗುರುತು ಸಿಗುತ್ತದೆ ಅಂತ ಬೇರೆ ಊರಿಗೆ ಹೋಗಿ ಹೇಳಿಬರುವವರೂ ಇದ್ದಾರೆ. ಹೊನ್ನಾವರದ ಕಡೆ ಗುಂಡಬಾಳದಲ್ಲಿ ಡಿಸೆಂಬರ್ 3ರ ಸಂತ ಫ್ರಾನ್ಸಿಸ್ ಕ್ಸೇವಿಯರ್ ಹಬ್ಬಕ್ಕೆ ಹೋದಾಗ ನಾನೂ ಆ ಕೆಲಸ ಮಾಡಿದ್ದೇನೆ. ಕಾರವಾರದ ಪಾಪ ಹೊನ್ನಾವರದಲ್ಲಿ ಇಳಿಸಿ ಬಂದ ಹಾಗೆ.

ಫಾದರ್ ಕೇಳಿದ್ದನ್ನು ಹೊರಗೆ ಬಾಯಿ ಬಿಡುವ ಹಾಗಿಲ್ಲ. ಪೊಲೀಸರು ಕೇಳಿದರೂ ಇಲ್ಲ. ಬಿಟ್ಟರೆ ಬಹಿಷ್ಕಾರದವರೆಗೂ ಹೋಗುವ ಅಪರಾಧ. ಆದರೆ ಈ ಬೀಗ ಅವರ ಬಾಯಿಗೆ. ನನ್ನದನ್ನು ನಾನು ಹೇಳಿಕೊಳ್ಳಬಹುದು. ಮುಂದೆ ಹೇಳುತ್ತೇನೆ ಕೂಡ.

ಇದು ಮೊದಲಿಂದ ಹೀಗೆ ಸಲೀಸಾಗಿ ಇರಲಿಲ್ಲ ಅನ್ನುವುದು ಪ್ರಶ್ನೆ ಕೇಳುವವರಿಗೂ ಗೊತ್ತಿರಲಿ. ಮೊದಲ ಶತಮಾನಗಳಲ್ಲಿ ಕೊಲೆ, ಹಾದರ, ಧರ್ಮ ಬಿಟ್ಟುಕೊಟ್ಟದ್ದು, ಇಂಥ ದೊಡ್ಡ ಪಾಪಕ್ಕೆ ಊರೆದುರೇ ಪ್ರಾಯಶ್ಚಿತ್ತ. ವರ್ಷಗಟ್ಟಲೆ ಪ್ರಸಾದವಿಲ್ಲ. ಅದೂ ಜೀವಮಾನದಲ್ಲಿ ಒಂದೇ ಅವಕಾಶ. ಕಿವಿಯಲ್ಲಿ ಗುಟ್ಟಾಗಿ ಹೇಳುವ ಪದ್ಧತಿ ಹಬ್ಬಿದ್ದು ಆಮೇಲೆ, ಐರ್ಲೆಂಡಿನ ಸನ್ಯಾಸಿಗಳಿಂದ. ವರ್ಷಕ್ಕೆ ಒಂದು ಸಲವಾದರೂ ಹೇಳಲೇಬೇಕು ಅಂತ ನಿಯಮವಾಗಿದ್ದು ರೋಮಿನಲ್ಲಿ ನಡೆದ 1215ರ ಲ್ಯಾಟರನ್ ಧರ್ಮಸಭೆಯಲ್ಲಿ. ಮರದ ಗೂಡು ಇನ್ನೂ ಈಚಿನದು, 16ನೇ ಶತಮಾನದ್ದು. 1517ರಲ್ಲಿ ಜರ್ಮನಿಯ ಸನ್ಯಾಸಿ ಮಾರ್ಟಿನ್ ಲೂಥರ್ ಎದ್ದು ನಿಂತದ್ದೂ ಇದೇ ವಿಷಯಕ್ಕೆ. ಪಾಪದ ಶಿಕ್ಷೆಗೆ ರಿಯಾಯಿತಿ ಚೀಟಿ ಅಂತ ದುಡ್ಡು ಎತ್ತುತ್ತಿದ್ದ ಕಾಲ ಅದು. ಕ್ರೈಸ್ತನ ಇಡೀ ಬದುಕೇ ಪಶ್ಚಾತ್ತಾಪವಾಗಬೇಕು ಅನ್ನುವುದು ಅವನು ಆಗ ಮುಂದಿಟ್ಟ 95 ಮಾತುಗಳಲ್ಲಿ ಮೊದಲನೆಯದು. ಪ್ರೊಟೆಸ್ಟೆಂಟ್ ಗೆಳೆಯರು ಇವತ್ತಿಗೂ ನಡುವೆ ಪಾದ್ರಿ ಯಾಕೆ, ನೇರ ದೇವರಿಗೇ ಹೇಳು ಅನ್ನುತ್ತಾರೆ. ಆ ಜಗಳಕ್ಕೆ ನಾನು ಇಳಿಯುವುದಿಲ್ಲ. ನನ್ನ ತಕರಾರು ಇಬ್ಬರ ಮೇಲೂ ಇದೆ.

ತಕರಾರು ಇಷ್ಟು. ಪಾಪ, ಕ್ಷಮೆ ಅಂತ ಈಗಿನವರು ಮಾಡುವ ಉಪದೇಶದಲ್ಲಿ ದೇವರಿದ್ದಾನೆ, ನಾನಿದ್ದೇನೆ. ಮೂರನೆಯವನು ಕಾಣೆಯಾಗಿದ್ದಾನೆ. ಅಂದರೆ ನಾನು ಯಾರಿಗೆ ಮೋಸ ಮಾಡಿದೆನೋ ಅವನು.

ನನ್ನ ಅಜ್ಜಿಯ ಕಾಲದ ಶೆರ್ಮಾಂವ್, ಅಂದರೆ ಉಪದೇಶ, ಬೇರೆ ಥರ. ಹೊರಗಿನಿಂದ ಪಾದ್ರಿಗಳು ಬಂದು ಮೂರು ದಿನ ಉಪದೇಶ ಮಾಡುತ್ತಿದ್ದರಂತೆ. ಯೆಮ್ಕೊಂಡ್ ಅಂದರೆ ನರಕ. ಅದರ ಬೆಂಕಿ, ಅದರ ಹುಳ, ಕೊನೆಯಿಲ್ಲದ ಗಡಿಯಾರ, ಎಲ್ಲ ಕಣ್ಣಿಗೆ ಕಟ್ಟುವಂತೆ ಹೇಳುತ್ತಿದ್ದರು. ಅಜ್ಜಿ ಬಾಣಲೆಯಲ್ಲಿ ಬಂಗಡೆ ಹುರಿಯುವಾಗಲೂ ಅದನ್ನೇ ಹೇಳಿ ನಮ್ಮನ್ನು ಹೆದರಿಸುತ್ತಿದ್ದಳು. ಮೀನು ಒಂದೇ ಸಲ ಹುರಿಯುತ್ತದೆ, ನೀವು ಸದಾ ಹುರಿಯುತ್ತೀರಿ ಅಂತ. ಹೆದರಿಕೆಯಿಂದ ಸಾಲು ಉದ್ದವಾಗುತ್ತಿತ್ತು, ನಿಜ. ಆದರೆ ಹೆದರಿದವನಿಗೆ ತನ್ನ ಚರ್ಮದ ಚಿಂತೆ. ಪಕ್ಕದ ಮನೆಯವನ ಚಿಂತೆ ಅಲ್ಲ.

1962ರಿಂದ 65ರವರೆಗಿನ ಎರಡನೇ ವ್ಯಾಟಿಕನ್ ಸಭೆಯ ನಂತರ ಗಾಳಿ ಬದಲಾಯಿತು. ಪೂಜೆ ನಮ್ಮ ಭಾಷೆಗೆ ಬಂತು. ಉಪದೇಶದಲ್ಲಿ ನರಕ ಹಿಂದೆ ಸರಿದು ಬೈಬಲಿನ ಲೂಕನ 15ನೇ ಅಧ್ಯಾಯ ಮುಂದೆ ಬಂತು. ಆಸ್ತಿ ಹಾಳು ಮಾಡಿ ಹಂದಿ ಕಾಯ್ದು ವಾಪಸ್ ಬರುವ ಮಗ, ದೂರದಲ್ಲಿ ಕಂಡವನೇ ಓಡಿಹೋಗಿ ತಬ್ಬಿಕೊಳ್ಳುವ ಅಪ್ಪ. 2013ರಲ್ಲಿ ಪೋಪ್ ಫ್ರಾನ್ಸಿಸ್ ಬಂದ ಹೊಸದರಲ್ಲೇ ಹೇಳಿದರು, ಕ್ಷಮಿಸಿ ದೇವರಿಗೆ ದಣಿವಾಗುವುದಿಲ್ಲ, ಕ್ಷಮೆ ಕೇಳಿ ನಮಗೇ ದಣಿವಾಗುತ್ತದೆ ಅಂತ. ನನಗೆ ತುಂಬಾ ಹಿಡಿಸಿದ ಮಾತು. ಅಜ್ಜಿಯ ಬಾಣಲೆಗಿಂತ ಎಷ್ಟೋ ವಾಸಿ.

ಆಮೇಲೆ ದಿನಗಟ್ಟಲೆ ಉಪದೇಶ, ಪ್ರಾರ್ಥನೆ ನಡೆಯುವ ಧ್ಯಾನಕೂಟಗಳು ಬಂದವು. ಕೊಂಕಣ ರೈಲು ಬಂದ ಮೇಲಂತೂ ಇಲ್ಲಿಂದ ಕೇರಳದ ಮುರಿಂಗೂರಿಗೆ ಹೋಗಿಬರುವುದು ಸುಲಭವಾಯಿತು. ಅಲ್ಲಿ ಧ್ಯಾನಕೇಂದ್ರದ ಹೆಸರಲ್ಲಿ ಡಿವೈನ್ ನಗರ ಅಂತ ರೈಲು ನಿಲ್ದಾಣವೇ ಇದೆ. ಅಲ್ಲಿಗೆ ಹೋಗಿ ಕುಡಿತ ಬಿಟ್ಟು ಬಂದವರನ್ನು ನೋಡಿದ್ದೇನೆ, ಆಡಿಕೊಳ್ಳಲಾರೆ. ಈಗ ಮೊಬೈಲ್ ಬಂದಿದೆ. ಬೆಳಗಾದರೆ ವಾಟ್ಸಾಪಿನಲ್ಲಿ ಮೂರು ಉಪದೇಶ. ಒಬ್ಬರು ಪಾಪದ ಮಾತೇ ಎತ್ತುವುದಿಲ್ಲ, ಆಶೀರ್ವಾದ ಮತ್ತು ಹೊಸ ಕಾರಿನ ಮಾತು. ಇನ್ನೊಬ್ಬರಿಗೆ ಎಲ್ಲವೂ ಶಾಪ. ಅಜ್ಜ ಮಾಡಿದ್ದು, ಮುತ್ತಜ್ಜ ಮಾಡಿದ್ದು, ಅದನ್ನು ಮುರಿಯಬೇಕು. ಎಷ್ಟು ಅನುಕೂಲ ನೋಡಿ! ಮಾಡಿದವನು ಮಣ್ಣಾಗಿದ್ದಾನೆ, ನಾನು ಬರೀ ವಾರಸುದಾರ. ಮೂರನೆಯವರು, "ಮೊದಲು ನಿಮ್ಮನ್ನು ನೀವು ಕ್ಷಮಿಸಿಕೊಳ್ಳಿ" ಅನ್ನುತ್ತಾರೆ. ನನ್ನ ಸಾಲ ನಾನೇ ಮನ್ನಾ ಮಾಡಿಕೊಂಡ ಹಾಗೆ. ಸಾಲ ಕೊಟ್ಟವನನ್ನು ಕೇಳಿದವರು ಯಾರು?

ಸಾಲದ ಹೋಲಿಕೆ ನನ್ನದಲ್ಲ. ಯೇಸು ಆಡುತ್ತಿದ್ದ ಅರಾಮಿಕ್ ಭಾಷೆಯಲ್ಲಿ ಸಾಲಕ್ಕೂ ಪಾಪಕ್ಕೂ ಒಂದೇ ಪದ. ಮತ್ತಾಯನ 18ನೇ ಅಧ್ಯಾಯದಲ್ಲಿ ಒಬ್ಬ ಆಳಿಗೆ ರಾಜ ಹತ್ತು ಸಾವಿರ ತಲಾಂತು ಬಿಟ್ಟುಕೊಡುತ್ತಾನೆ. ಒಂದು ದಿನಾರಿ ಆಗ ಒಂದು ದಿನದ ಕೂಲಿ, ಒಂದು ತಲಾಂತಿಗೆ ಸುಮಾರು ಆರು ಸಾವಿರ ದಿನಾರಿ. ಲೆಕ್ಕ ಹಾಕಿ, ಆರು ಕೋಟಿ ದಿನದ ಕೂಲಿ! ಆ ಆಳು ಹೊರಗೆ ಬಂದವನೇ ತನಗೆ ನೂರು ದಿನಾರಿ ಕೊಡಬೇಕಾದವನ ಕುತ್ತಿಗೆ ಹಿಡಿಯುತ್ತಾನೆ. ರಾಜ ಸಿಟ್ಟಿಗೆದ್ದು ಮನ್ನಾವನ್ನೇ ವಾಪಸ್ ತೆಗೆದುಕೊಳ್ಳುತ್ತಾನೆ. ಎಷ್ಟು ಸಲ ಕ್ಷಮಿಸಬೇಕು ಅಂತ ಕೇಳಿದ ಶಿಷ್ಯ ಪೇತ್ರನಿಗೆ ಯೇಸು ಏಳೆಪ್ಪತ್ತು ಸಾರಿ ಕ್ಷಮಿಸು ಅಂದದ್ದರ ಬೆನ್ನಿಗೇ ಬರುವ ಕತೆ ಇದು. ಏಳೆಪ್ಪತ್ತರ ಉಪದೇಶ ನೂರು ಸಲ ಕೇಳಿದ್ದೇನೆ, ಈ ಕೊನೆಯ ಭಾಗದ್ದು ಕಡಿಮೆ.

ಏಳೆಪ್ಪತ್ತರಲ್ಲೂ ಒಂದು ಅಪಾಯ ಇದೆ. ಗಂಡ ಹೊಡೆಯುತ್ತಾನೆ ಅಂತ ಬಂದ ಹೆಂಗಸಿಗೆ "ಕ್ಷಮಿಸಮ್ಮಾ, ಪ್ರಾರ್ಥನೆ ಮಾಡು" ಅಂತ ಹೇಳಿ ಮನೆಗೆ ಕಳಿಸಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಅದು ಕ್ಷಮೆಯ ಉಪದೇಶ ಅಲ್ಲ, ಕೈತೊಳೆದುಕೊಳ್ಳುವ ದಾರಿ. 1999ರ ಜನವರಿಯಲ್ಲಿ ಒಡಿಶಾದಲ್ಲಿ ಆಸ್ಟ್ರೇಲಿಯಾದ ಮಿಷನರಿ ಗ್ರಹಾಂ ಸ್ಟೇನ್ಸ್ ಮತ್ತು ಅವರ ಇಬ್ಬರು ಸಣ್ಣ ಗಂಡುಮಕ್ಕಳನ್ನು ವಾಹನದಲ್ಲೇ ಸುಟ್ಟು ಕೊಂದರು. ಹೆಂಡತಿ ಗ್ಲಾಡಿಸ್ ಕೊಂದವರನ್ನು ಕ್ಷಮಿಸಿದ್ದೇನೆ ಅಂದರು, ಕುಷ್ಠರೋಗಿಗಳ ಕೆಲಸ ಮುಂದುವರಿಸಿದರು. ಕೋರ್ಟು ತನ್ನ ಕೆಲಸ ಮಾಡಿತು. ಮುಖ್ಯ ಅಪರಾಧಿಯ ಜೀವಾವಧಿಯನ್ನು 2011ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಅವರ ಕ್ಷಮೆಗೆ ಇದರಿಂದ ಏನೂ ಕಡಿಮೆಯಾಗಲಿಲ್ಲ ಅಂತ ನನ್ನ ಅಭಿಪ್ರಾಯ.

ಈಗ ನನ್ನ ಕತೆ.

ಕಾರವಾರದ ಹತ್ತಿರ ಬಿಣಗಾದಲ್ಲಿ ನಮ್ಮ ಹಳೇ ಮನೆ ಇತ್ತು. ಅಪ್ಪ, ಅವ್ವ ಇಬ್ಬರೂ ಹೋದ ಮೇಲೆ 2006ರಲ್ಲಿ ಕೆಡವಿದೆವು. ಜಾಗ ಅಣ್ಣನಿಗೂ ನನಗೂ ಅರ್ಧರ್ಧ. ಅಣ್ಣ ಆಗ ಗೋವಾದಲ್ಲಿದ್ದ. ಮರಮುಟ್ಟು, ಬಾಗಿಲು, ಕಿಟಕಿ ಮಾರಿದ್ದು ನಾನು. 48 ಸಾವಿರ ಬಂತು. ಅಣ್ಣನಿಗೆ 30 ಬಂತು ಅಂದೆ. 15 ಸಾವಿರ ಅವನ ಕೈಗೆ ಕೊಟ್ಟೆ. ಓಡಾಡಿದ್ದು ನಾನು, ಆಳುಗಳಿಗೆ ಚಾ ಕೊಡಿಸಿದ್ದು ನಾನು ಅಂತ ನನಗೆ ನಾನೇ ಹೇಳಿಕೊಂಡೆ.

ಪ್ರತಿ ವರ್ಷ ಕುಮ್ಸಾರಿನಲ್ಲಿ ಹೇಳುತ್ತಿದ್ದೆ. ಏನಂತ? "ಸುಳ್ಳು ಹೇಳಿದೆ ಫಾದರ್." ಸಿಟ್ಟು ಮಾಡಿದೆ, ಭಾನುವಾರ ಪೂಜೆ ತಪ್ಪಿಸಿದೆ, ಸುಳ್ಳು ಹೇಳಿದೆ. ಕಿರಾಣಿ ಚೀಟಿಯ ಥರ. ಅವರೂ ಮೂರು ನಮಾನ್ ಮೊರಿಯೆ, ಅಂದರೆ ಮರಿಯಮ್ಮನ ಪ್ರಾರ್ಥನೆ, ಹೇಳು ಅನ್ನುತ್ತಿದ್ದರು. ಹೇಳಿ ಮುಗಿಸಿ ಹಗುರಾಗಿ ಮನೆಗೆ ಬರುತ್ತಿದ್ದೆ. ಶಿರಸಿಯ ಆ ಹಿರಿಯರು ಹೇಳಿದ್ದರಲ್ಲ, ಮಾಡಿದ್ದು ಹೇಳೋ ಮಹಾರಾಯ. ಹದಿಮೂರು ವರ್ಷ ನಾನು ಅದನ್ನೂ ಸರಿಯಾಗಿ ಮಾಡಿರಲಿಲ್ಲ.

2019ರ ತಪಸ್ಸುಕಾಲದಲ್ಲಿ ಹೊರಗಿನಿಂದ ಬಂದ ಒಬ್ಬ ವಯಸ್ಸಾದ ಫಾದರ್ ಕೂತಿದ್ದರು. ಕೆಮ್ಮು ಜೋರಿತ್ತು. ನನ್ನ ಚೀಟಿ ಓದಿ ಮುಗಿಸಿದೆ. ಆ ಕಡೆಯಿಂದ ಕೇಳಿದರು, "ಯಾವ ಸುಳ್ಳು?"

"ಹೀಗೇ ಫಾದರ್, ದುಡ್ಡಿನ ವಿಷಯದಲ್ಲಿ."

"ಎಷ್ಟು ರೂಪಾಯಿ ಸುಳ್ಳು?"

ಜೀವಮಾನದಲ್ಲಿ ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ. ಗೂಡಿನೊಳಗೆ ಸೆಕೆ. ಮೊಣಕಾಲು ನೋಯುತ್ತಿತ್ತು. ಹಿಂದೆ ಸಾಲಿನಲ್ಲಿ ಯಾರದ್ದೋ ಬಳೆ ಸದ್ದು. ಲೆಕ್ಕ ನನಗೆ ಬಾಯಿಪಾಠ ಇತ್ತು. ಒಂಬತ್ತು ಸಾವಿರ ಅಂದೆ.

"ಕೊಟ್ಟಾಯ್ತಾ?"

"ಇಲ್ಲ."

"ಹಾಗಾದ್ರೆ ನಮಾನ್ ಮೊರಿಯೆ ಬೇಡ. ಕೊಟ್ಟು ಬಾ. ಅದೇ ನಿನ್ನ ಪ್ರಾಯಶ್ಚಿತ್ತ." ಕೆಮ್ಮುತ್ತಲೇ ಕ್ಷಮೆಯ ಮಂತ್ರ ಹೇಳಿ ಕಳಿಸಿದರು.

ಇದು ಅವರ ಹೊಸ ಕಲ್ಪನೆ ಅಲ್ಲ. ಕದ್ದದ್ದು ವಾಪಸ್ ಕೊಡಬೇಕು, ಕೆಡಿಸಿದ ಹೆಸರು ಸರಿಮಾಡಬೇಕು, ಗಾಯಕ್ಕೆ ಪರಿಹಾರ ಕಟ್ಟಿಕೊಡಬೇಕು ಅಂತ 1992ರಲ್ಲಿ ಹೊರಬಂದ ನಮ್ಮ ಧರ್ಮೋಪದೇಶದ ಪುಸ್ತಕದಲ್ಲೇ ಇದೆ, 1459ನೇ ಪರಿಚ್ಛೇದ. ಕ್ಷಮೆ ಪಾಪವನ್ನು ತೆಗೆಯುತ್ತದೆ, ಪಾಪ ಮಾಡಿದ ಹಾನಿಯನ್ನು ತೆಗೆಯುವುದಿಲ್ಲ ಅಂತ. ಬಲಿಪೀಠದ ಮುಂದೆ ನಿಂತಾಗ ಅಣ್ಣತಮ್ಮಂದಿರ ದೂರು ನೆನಪಾದರೆ ಕಾಣಿಕೆ ಅಲ್ಲೇ ಬಿಟ್ಟು ಮೊದಲು ಹೋಗಿ ರಾಜಿಯಾಗು ಅಂತ ಯೇಸುವೇ ಹೇಳಿದ್ದಾನೆ. ಜಕ್ಕಾಯ ಅನ್ನುವ ಸುಂಕದವನು ಮೋಸದಿಂದ ತೆಗೆದುಕೊಂಡದ್ದನ್ನು ನಾಲ್ಕರಷ್ಟು ಕೊಡುತ್ತೇನೆ ಅಂದ. ಜಕ್ಕಾಯನ ಲೆಕ್ಕ ಹಿಡಿದರೆ ನನ್ನದು 36 ಸಾವಿರ ಆಗುತ್ತಿತ್ತು. ಅಷ್ಟು ದೊಡ್ಡ ಮನಸ್ಸು ನನಗೆ ಬರಲಿಲ್ಲ.

ಬ್ಯಾಂಕಿಗೆ ಹೋಗಿ ಒಂಬತ್ತು ಸಾವಿರ ತೆಗೆದೆ. ಅಣ್ಣ ಅಷ್ಟರಲ್ಲಿ ಗೋವಾ ಬಿಟ್ಟು ಊರಿಗೆ ಬಂದು ತನ್ನ ಅರ್ಧದಲ್ಲಿ ಮನೆ ಕಟ್ಟಿಕೊಂಡಿದ್ದ. ನನ್ನ ಅಂಗಳದಿಂದ ಅವನ ಜಗಲಿಗೆ ಐವತ್ತು ಹೆಜ್ಜೆ. ಆ ಐವತ್ತು ಹೆಜ್ಜೆಗೆ ನಾನು ನಾಲ್ಕು ದಿನ ತೆಗೆದುಕೊಂಡೆ. ಐದನೇ ದಿನ ಹೋದಾಗ ಅಣ್ಣ ಬಲೆಯ ಹರಿದ ಕಣ್ಣು ಹೆಣೆಯುತ್ತಾ ಕೂತಿದ್ದ. ಅತ್ತಿಗೆ ಚಾ ಇಡಲು ಒಳಗೆ ಹೋದಳು. ಕವರು ಅವನ ಮುಂದೆ ಇಟ್ಟೆ. ಹೀಗೆ ಹೀಗೆ ಅಂತ ಹೇಳಿದೆ. ಮೂರು ವಾಕ್ಯ ಇರಬಹುದು, ಗಂಟಲು ಒಣಗಿತ್ತು.

ಅಣ್ಣ ಬಲೆಯಿಂದ ಕಣ್ಣು ಎತ್ತಲಿಲ್ಲ. "ಮರ ತಗೊಂಡವನು ಅದೇ ವಾರ ನನಗೆ ಹೇಳಿದ್ದ" ಅಂದ.

ಹದಿಮೂರು ವರ್ಷ! ಹದಿಮೂರು ಕ್ರಿಸ್ಮಸ್ಸಿಗೆ ಇವನ ಮನೆಯಿಂದ ನನ್ನ ಮನೆಗೆ ನೆವ್ರಿ, ಅಂದರೆ ಕರ್ಜಿಕಾಯಿ, ಬಂದಿದೆ. ನನ್ನ ಮಗಳ ಮದುವೆಯಲ್ಲಿ ಎರಡು ದಿನ ಇವನೇ ನಿಂತು ಅಡುಗೆ ಮಾಡಿಸಿದ್ದಾನೆ. ಗೊತ್ತಿದ್ದೇ ಮಾಡಿದ್ದಾನೆ. ಹಾಗಾದರೆ ಅವನು ಯಾವತ್ತೋ ಕ್ಷಮಿಸಿದ್ದನಾ? ಅಥವಾ ಕಾಯುತ್ತಿದ್ದನಾ? ಕೇಳುವ ಧೈರ್ಯ ಆಗಲಿಲ್ಲ. ಇವತ್ತಿಗೂ ಕೇಳಿಲ್ಲ.

ಅವನು ಕೈ ಒರೆಸಿಕೊಂಡು ದುಡ್ಡು ತೆಗೆದ. ಎರಡು ಸಲ ಎಣಿಸಿದ. ಬೇಡ ಅನ್ನುತ್ತಾನೆ ಅಂತ ನನ್ನೊಳಗೆ ಒಂದು ಸಣ್ಣ ಆಸೆ ಇತ್ತು, ಸುಳ್ಳು ಹೇಳುವುದಿಲ್ಲ. ಅನ್ನಲಿಲ್ಲ. "ಬಡ್ಡಿ ಇಲ್ವಲ್ಲೋ" ಅಂದ. ತಮಾಷೆಯೋ ನಿಜವೋ ಮುಖದಲ್ಲಿ ಗೊತ್ತಾಗಲಿಲ್ಲ. ಅಷ್ಟರಲ್ಲಿ ಅತ್ತಿಗೆ ಚಾ ತಂದಳು. ಕುಡಿದು ಎದ್ದೆ.

ಅಂಗಳ ದಾಟುವಾಗ ಹಿಂದಿನಿಂದ ಕೂಗಿದ. "ಹಳೇ ಮನೆ ಹಂಚು ನಿನ್ನ ಹಿತ್ತಲಲ್ಲೇ ಬಿದ್ದಿದೆಯಲ್ಲ? ಅದರಲ್ಲೂ ಅರ್ಧ ನನ್ನದು."

ಭಾನುವಾರ ಪೂಜೆ ಮುಗಿಸಿ ಗೂಡ್ಸ್ ರಿಕ್ಷಾ ತಂದ. ಪಾಚಿ ಹಿಡಿದ ಹಂಚುಗಳನ್ನು ನಾನೇ ಒಂದೊಂದಾಗಿ ಎತ್ತಿಕೊಟ್ಟೆ. ಒಟ್ಟು 412 ಇದ್ದವು. ಒಡೆದದ್ದನ್ನೂ ಲೆಕ್ಕಕ್ಕೆ ಹಿಡಿದು, ಅವನಿಗೆ ಕೇಳುವಷ್ಟು ಗಟ್ಟಿಯಾಗಿ, 206 ಎಣಿಸಿದೆ.