ಹಾಸನ–ಚಿಕ್ಕಮಗಳೂರು ಪೌಷ್ಟಿಕತೆ ಇನ್ಫೋಗ್ರಾಫಿಕ್: ಮೂರನೇ ಕರಡಿನವರೆಗೆ

ಕೆಲಸ ಇಷ್ಟು: ಮಕ್ಕಳ ಪೌಷ್ಟಿಕತೆಯ ಅಂಕಿಗಳನ್ನು ಚಿತ್ರದಲ್ಲಿ ತೋರಿಸುವ, ಜಿಲ್ಲೆಗೊಂದರಂತೆ ಎರಡು ಎ3 ಹಾಳೆ. ಅಂಗನವಾಡಿ ಗೋಡೆಗೆ, ಪಂಚಾಯಿತಿ ನೋಟಿಸ್ ಬೋರ್ಡಿಗೆ ಅಂಟಿಸುವಂಥದ್ದು. ಎರಡನೇ ಕರಡನ್ನು ಪೂರ್ತಿ ಕೈಬಿಟ್ಟಿದ್ದೇವೆ. ಅದರಲ್ಲಿ ತಾಲ್ಲೂಕುವಾರು ಬಣ್ಣ ತುಂಬಿದ ನಕ್ಷೆಯಿತ್ತು. ನೋಡಲು ಚೆಂದ, ಹೇಳುತ್ತಿದ್ದದ್ದು ಸುಳ್ಳು.

ತಾಲ್ಲೂಕು ನಕ್ಷೆಯನ್ನು ಎಲ್ಲರೂ ಕೇಳುತ್ತಾರೆ. ಆದರೆ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತು (2019–21) ಜಿಲ್ಲೆಗಿಂತ ಕೆಳಗಿನ ಅಂಕಿ ಕೊಡುವುದಿಲ್ಲ. ಜಿಲ್ಲೆಯ ಅಂಕಿಯನ್ನೂ ಹುಷಾರಾಗಿ ಓದಬೇಕು. 200 ಮಕ್ಕಳನ್ನು ಅಳೆದು ಶೇ 30 ಮಂದಿ ಅಪೌಷ್ಟಿಕರು ಎಂದು ಬಂತೆಂದುಕೊಳ್ಳಿ. ಸರಳ ಮಾದರಿಯ ಲೆಕ್ಕದಲ್ಲೇ ಆಚೀಚೆ 6 ಶೇಕಡಾ ಅಂಶಕ್ಕೂ ಹೆಚ್ಚು ಜಗ್ಗುತ್ತದೆ. ಆಯ್ದ ಊರುಗಳಲ್ಲಿ ಮನೆ ಆರಿಸುವ ಸಮೀಕ್ಷೆಯಾದ್ದರಿಂದ 7–8 ಅಂಶ ಹಿಡಿಯುವುದು ಕ್ಷೇಮ. ಅಂದರೆ ನಿಜ 22ರಿಂದ 38ರ ನಡುವೆ ಎಲ್ಲಾದರೂ ಇರಬಹುದು. 3 ಅಂಶದ ವ್ಯತ್ಯಾಸ ಇಟ್ಟುಕೊಂಡು ಒಂದು ಜಿಲ್ಲೆ ವಾಸಿ, ಇನ್ನೊಂದು ಹಿಂದೆ ಎನ್ನುವಂತಿಲ್ಲ. ಮೂರನೇ ಕರಡಿನಲ್ಲಿ ಅಂಕಿ ತೋರಿಸುವ ಪ್ರತಿ ಪಟ್ಟಿಯ (ಬಾರ್) ತುದಿಗೂ ಈ ಜಗ್ಗಾಟ ತೋರಿಸುವ ಗೆರೆ ಹಾಕಿದ್ದೇವೆ. ಜಿಲ್ಲಾ ಕೋಷ್ಟಕದಲ್ಲಿ ಆವರಣದೊಳಗಿರುವ ಅಂಕಿ 25–49 ಮಂದಿಯದ್ದು, ನಕ್ಷತ್ರ ಹಾಕಿದ ಕಡೆ 25ಕ್ಕಿಂತ ಕಡಿಮೆ. ಎರಡನ್ನೂ ಹಾಳೆಗೆ ತರುತ್ತಿಲ್ಲ.

ಹೋಲಿಕೆಗೆ ರಾಜ್ಯದ ಅಂಕಿಯನ್ನು ಬೂದು ಗೆರೆಯಾಗಿ ಎಳೆದಿದ್ದೇವೆ. ಐದು ವರ್ಷದೊಳಗಿನ ಮಕ್ಕಳಲ್ಲಿ ಕುಂಠಿತ ಬೆಳವಣಿಗೆ (ವಯಸ್ಸಿಗೆ ತಕ್ಕ ಎತ್ತರವಿಲ್ಲದಿರುವುದು) ನಾಲ್ಕನೇ ಸುತ್ತಿನಲ್ಲಿ (2015–16) ಶೇ 36.2, ಐದನೆಯದರಲ್ಲಿ 35.4. ಎತ್ತರಕ್ಕೆ ತಕ್ಕ ತೂಕವಿಲ್ಲದವರು 26.1ರಿಂದ 19.5ಕ್ಕೆ ಇಳಿದರು. ರಕ್ತಹೀನತೆ ಮಾತ್ರ 60.9ರಿಂದ 65.5ಕ್ಕೆ ಏರಿತು. ಮೂರನ್ನೂ ‘ಅಪೌಷ್ಟಿಕತೆ’ ಎಂಬ ಒಂದೇ ಶೀರ್ಷಿಕೆಯಡಿ ಸೇರಿಸಿದರೆ ಈ ಏರು ಕಣ್ಣಿಗೇ ಬೀಳುವುದಿಲ್ಲ. ಹಾಗಾಗಿ ಮೂರು ಬೇರೆ ಚೌಕ.

ಅಂಗನವಾಡಿಯ ತಿಂಗಳ ಅಂಕಿಗಳು ಬೇರೆಯದೇ ಲೋಕ. ಅಲ್ಲಿ ಲೆಕ್ಕಕ್ಕೆ ಸಿಗುವುದು ಹೆಸರು ದಾಖಲಾಗಿ, ಆ ತಿಂಗಳು ಅಳತೆಗೆ ಬಂದ ಮಕ್ಕಳು ಮಾತ್ರ. ಕೊಯ್ಲಿನ ಕಾಲಕ್ಕೆ ತೋಟದ ಕಾರ್ಮಿಕರ ಲೈನ್ ಮನೆಗೆ ಬಂದು ಹೋಗುವ ಕುಟುಂಬದ ಮಗು ಅದರಲ್ಲಿ ಇಲ್ಲದಿರಬಹುದು. ಸಮೀಕ್ಷೆಯ ಪಟ್ಟಿಯ ಪಕ್ಕ ಇದನ್ನು ನಿಲ್ಲಿಸಬಾರದು. ಒಂದು ಕೇಂದ್ರದಲ್ಲಿ 8 ಮಕ್ಕಳಿದ್ದು ಇಬ್ಬರ ತೂಕ ಕಡಿಮೆಯಿದ್ದರೆ ಶೇ 25 ಆಗಿಬಿಡುತ್ತದೆ. 30ಕ್ಕಿಂತ ಕಡಿಮೆ ಮಕ್ಕಳಿದ್ದ ಕಡೆ ಶೇಕಡಾ ಬರೆಯದೆ ಪಕ್ಕದ ಕೇಂದ್ರಗಳೊಂದಿಗೆ ಸೇರಿಸಿದೆವು. ಊರಿಗೊಂದು ಚುಕ್ಕೆ ಇಡುವ ಯೋಚನೆಯನ್ನೂ ಬಿಟ್ಟೆವು. ಸಣ್ಣ ಹಾಡಿಯಲ್ಲಿ ಒಂದು ಚುಕ್ಕೆ ಎಂದರೆ ಯಾವ ಮನೆಯ ಮಗು ಎಂದು ಎಲ್ಲರಿಗೂ ಗೊತ್ತಾಗುತ್ತದೆ.

ಎತ್ತರದ ಅಂಕಿ ಬಳಸುವ ಮೊದಲು ಕೊನೆಯ ಅಂಕೆ ಎಣಿಸಿ. ಮಿಲಿಮೀಟರಿನ ಸ್ಥಾನದಲ್ಲಿ 0 ಮತ್ತು 5 ಸೇರಿ ಸುಮಾರು ಶೇ 20 ಇರಬೇಕು. ಅದಕ್ಕಿಂತ ಬಹಳ ಹೆಚ್ಚಿದ್ದರೆ ಅಳತೆ ಅಂದಾಜಿನದು. ಇನ್ನೊಂದು, ಮಲಗಿಸಿ ಅಳೆದ ಉದ್ದ ನಿಲ್ಲಿಸಿ ಅಳೆದ ಎತ್ತರಕ್ಕಿಂತ ಸುಮಾರು 0.7 ಸೆಂ.ಮೀ. ಹೆಚ್ಚು ಬರುತ್ತದೆ. ಎರಡು ವರ್ಷ ತುಂಬಿದ ಗಂಡುಮಗುವಿಗೆ ನಿಂತ ಎತ್ತರದ ಗಡಿ 81.0 ಸೆಂ.ಮೀ.; ಅದಕ್ಕಿಂತ ಕಡಿಮೆಯಿದ್ದರೆ ಕುಂಠಿತ. ಮಲಗಿಸಿ ಅಳೆದು 81.3 ಬಂದದ್ದನ್ನು ಹಾಗೇ ನಮೂದಿಸಿದರೆ ಮಗು ಗಡಿ ದಾಟಿದಂತೆ ಕಾಣುತ್ತದೆ, 0.7 ಕಳೆದರೆ 80.6, ಕುಂಠಿತ. ಅರ್ಧ ಬೆರಳಗಲದ ವ್ಯತ್ಯಾಸ, ಆದರೆ ಆ ಮಗುವಿನ ಹೆಸರು ಪಟ್ಟಿಯಿಂದಲೇ ಜಾರಿಹೋಗುತ್ತದೆ.

ಹಸಿವಿನ ಚೌಕ ಸದ್ಯ ಖಾಲಿ. ಬಿಪಿಎಲ್ ಕಾರ್ಡಿನ ಸಂಖ್ಯೆ ಹಸಿವಿನ ಅಳತೆಯಲ್ಲ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ (ಎಫ್‌ಎಒ) ರೂಪಿಸಿದ ಎಂಟು ಪ್ರಶ್ನೆಗಳನ್ನು ಮನೆಮನೆಗೆ ಹೋಗಿ ಕೇಳಿದರಷ್ಟೇ ಅಲ್ಲಿ ಅಂಕಿ ಬರೆಯಬಹುದು.

ಜಿಲ್ಲೆಯನ್ನು ಗುರುತಿಸುವ ಸಣ್ಣ ನಕ್ಷೆ ಉಳಿದಿದೆ. ನಕ್ಷೆ ತಯಾರಿಸುವ ತಂತ್ರಾಂಶ ಕ್ಯೂಜಿಐಎಸ್‌ನಲ್ಲಿ ಹಳೆಯ ಕಡತ ತೆರೆದರೆ ಚಿಕ್ಕಮಗಳೂರಿಗೆ ಏಳೇ ತಾಲ್ಲೂಕು; ತರೀಕೆರೆಯಿಂದ ಅಜ್ಜಂಪುರ, ಮೂಡಿಗೆರೆಯಿಂದ ಕಳಸ ಬೇರೆಯಾದದ್ದು ಅದರಲ್ಲಿಲ್ಲ. ಕೋಷ್ಟಕವನ್ನು ನಕ್ಷೆಗೆ ತಾಲ್ಲೂಕಿನ ಹೆಸರು ನೋಡಿ ಜೋಡಿಸಿದರೆ ‘ನರಸಿಂಹರಾಜಪುರ’ ಮತ್ತು ‘ಎನ್.ಆರ್.ಪುರ’ ಹೊಂದುವುದಿಲ್ಲ, ಆ ತಾಲ್ಲೂಕು ಬಿಳಿಯಾಗಿಯೇ ಉಳಿಯುತ್ತದೆ. ತಾಲ್ಲೂಕಿನ ಕೋಡ್ ಸಂಖ್ಯೆ ನೋಡಿ ಜೋಡಿಸಿ. ಹಳೆಯ ನುಡಿ ಫಾಂಟಿನ ಎಕ್ಸೆಲ್ ಹಾಳೆಗಳನ್ನು ಮೊದಲು ಯೂನಿಕೋಡ್‌ಗೆ ತನ್ನಿ, ಆಮೇಲೆ ಒತ್ತಕ್ಷರ ಒಂದೊಂದಾಗಿ ಓದಿ.

ಹೆಚ್ಚು ಹೊತ್ತು ಹಿಡಿದದ್ದು ಊಟದ ತಟ್ಟೆಯ ಚಿತ್ರ. ಎರಡು ಜಿಲ್ಲೆಗೂ ಒಂದೇ ತಟ್ಟೆ ಸಾಕೆಂದು ಮೊದಲು ಅನ್ನಿಸಿತ್ತು, ಸಾಲದು. ಅರಸೀಕೆರೆ, ಚನ್ನರಾಯಪಟ್ಟಣ, ಕಡೂರು ಬಯಲಿಗೆ ಮುದ್ದೆ, ಬಸ್ಸಾರು, ನುಗ್ಗೆಸೊಪ್ಪು. ಸಕಲೇಶಪುರ, ಶೃಂಗೇರಿ ಕಡೆಗೆ ಅಕ್ಕಿ ರೊಟ್ಟಿ, ಹೆಸರುಕಾಳಿನ ಪಲ್ಯ, ಮೊಟ್ಟೆ. ಮೊದಲ ಕರಡಿನಲ್ಲಿ ತಟ್ಟೆಯ ಪಕ್ಕ ಕಾಫಿ ಲೋಟವೂ ಇತ್ತು. ಕಾಫಿ ಸೀಮೆಯ ಗುರುತಿಗೆಂದು ಹಾಕಿದ್ದು. ಆದರೆ ಊಟದ ಜೊತೆ ಕುಡಿದ ಕಾಫಿ, ಟೀ ಸೊಪ್ಪು-ಕಾಳಿನಲ್ಲಿರುವ ಕಬ್ಬಿಣ ಮೈಗೆ ಹತ್ತದಂತೆ ತಡೆಯುತ್ತವೆ. ರಕ್ತಹೀನತೆ ಇಷ್ಟಿರುವಾಗ ಆ ಲೋಟವೇ ತಪ್ಪು ಪಾಠ ಹೇಳುತ್ತಿತ್ತು. ಅದನ್ನು ತೆಗೆದು, ಕಬ್ಬಿಣ ಮೈಗೆ ಹತ್ತಲು ನೆರವಾಗುವ ನಿಂಬೆ ಹೋಳು ಇಟ್ಟೆವು. ಕಾಫಿಯನ್ನು ಹಾಳೆಯ ಇನ್ನೊಂದು ತುದಿಗೆ, ‘ಊಟ ಆಗಿ ಒಂದು ಗಂಟೆ ಬಿಟ್ಟು’ ಎಂಬ ಸಾಲಿನೊಂದಿಗೆ ಸರಿಸಿದೆವು.

ಮುದ್ರಣಕ್ಕೆ ಇಂಚಿಗೆ 300 ಚುಕ್ಕೆ (ಡಿಪಿಐ), ಸುತ್ತ 3 ಮಿ.ಮೀ. ಹೆಚ್ಚುವರಿ ಅಂಚು. ಕೆಂಪು–ಹಸಿರು ಜೋಡಿ ಬಿಟ್ಟು ನೀಲಿ–ಕಿತ್ತಳೆ ಆರಿಸಿದ್ದೇವೆ. ಆದರೂ ಕಪ್ಪು-ಬಿಳುಪು ಜೆರಾಕ್ಸ್‌ನಲ್ಲಿ ಎರಡೂ ಒಂದೇ ಬೂದು ಬಣ್ಣವಾಗಿ ಬಂದವು. ನೀಲಿಯನ್ನು ಗಾಢ ಮಾಡಿ, ಕಿತ್ತಳೆಗೆ ಓರೆಗೆರೆ ತುಂಬಿ ಮತ್ತೊಮ್ಮೆ ಪ್ರತಿ ತೆಗೆಯುವುದು ಮುಂದಿನ ಕೆಲಸ.